ಎದುರು ಗಾಳಿಗೆ ಹರಿಗೋಲು ಸುತ್ತಬಾರದು ಅಂದ್ರೆ

ಎದುರು ಗಾಳಿಗೆ ಹರಿಗೋಲು ನಡೆಸುವಾಗ ಭಾರವನ್ನೆಲ್ಲ ಗಾಳಿ ಬರುವ ಬದಿಗೆ ಇಡಿ. ಹುಟ್ಟು ಹಾಕುವವರು ಮುಂದಿನ ಅಂಚಿನ ಹತ್ತಿರ ಮೊಣಕಾಲೂರಿ ಕೂರಲಿ, ಬಲೆ, ಚೀಲ ಅವರ ಬೆನ್ನಿಗೆ ಒತ್ತಿಕೊಂಡಿರಲಿ. ಹರಿಗೋಲು ದುಂಡಗಿನ ಬುಟ್ಟಿ, ಅದಕ್ಕೆ ಹಿಂದು ಮುಂದು ಇಲ್ಲ ಅಲ್ವಾ? ಭಾರ ಇರುವ ಬದಿ ನೀರಲ್ಲಿ ಆಳಕ್ಕೆ ಕೂತು ಹಿಡಿತ ಕೊಡುತ್ತದೆ. ಹಗುರವಾದ ಬದಿಯನ್ನು ಗಾಳಿ ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಮುಖ ಗಾಳಿಗೆ ನೇರವಾಗಿ ನಿಲ್ಲುತ್ತದೆ, ಗರಗರ ಸುತ್ತುವುದು ಕಡಿಮೆಯಾಗುತ್ತದೆ. ಹುಟ್ಟನ್ನು ಪಕ್ಕದಲ್ಲಿ ಹಾಕಬೇಡಿ. ಎದುರಿಗೆ ಚಾಚಿ ಇಳಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆ ಮಾಡುತ್ತಾ ನಿಮ್ಮ ಕಡೆಗೆ ನೀರು ಎಳೆಯಿರಿ. ಮುಂದಿನ ಅಂಚಿನ ಬಿದಿರಿಗೆ ಗೇಣುದ್ದದ ಹಗುರ ಬಟ್ಟೆ ಚೂರು ಕಟ್ಟಿಕೊಂಡರೆ ಇನ್ನೂ ಒಳ್ಳೆಯದು. ಅದು ನೇರ ನಿಮ್ಮ ಎದೆಯ ಕಡೆ ಹಾರುತ್ತಿದ್ದರೆ ದಾರಿ ಸರಿ ಇದೆ, ಭುಜದ ಕಡೆ ಸರಿದರೆ ಸುತ್ತೋಕೆ ಶುರುವಾಗಿದೆ ಅಂತ ಅರ್ಥ. ತುಂಗಭದ್ರಾ ಹೊಳೆ ದಡದ ಆನೆಗೊಂದಿ ಕಡೆ ಆಷಾಢದ ಪಡುವಣ ಗಾಳಿಗೆ ಇದು ತುಂಬಾ ಉಪಯೋಗಕ್ಕೆ ಬರುತ್ತದೆ.

ಆದರೆ ಭಾರ ಜಾಸ್ತಿಯಾಗಿ ಮುಂದಿನ ಅಂಚು ನೀರಿಗೆ ಒಂದು ಗೇಣಿಗಿಂತ ಹತ್ತಿರ ಬಂದರೆ ಅಲೆ ಒಳಗೆ ನುಗ್ಗುತ್ತದೆ, ಆಗ ಸ್ವಲ್ಪ ಭಾರ ನಡುವಿಗೆ ಸರಿಸಿ. ಗಾಳಿ ಬೆನ್ನಿಗಿದ್ದರೆ ಎಲ್ಲ ಉಲ್ಟಾ, ಭಾರ ಹಿಂದಕ್ಕೆ ಹೋಗಬೇಕು. ತುಂಗಭದ್ರಾ ಅಣೆಕಟ್ಟಿನಿಂದ ಹೊಳೆಗೆ ನೀರು ಬಿಟ್ಟಾಗ ಮಾತ್ರ ಯಾವ ಉಪಾಯವೂ ನಡೆಯಲ್ಲ. ಆ ದಿನ ದಯವಿಟ್ಟು ಹರಿಗೋಲು ಇಳಿಸಲೇಬೇಡಿ.