ಮಳೆಗಾಲದಲ್ಲೇ ಮಡಿಕೇರಿಯ ಸಂಜೆ ಬಣ್ಣ ಸಿಕ್ಕಿತು

ಕೊಡಗಿನಲ್ಲಿ ಸಂಜೆ ಫೋಟೊ ತೆಗೆಯುವವರು ಜೂನ್ ಬಂತೆಂದರೆ ಕ್ಯಾಮೆರಾ ಒಳಗಿಡುತ್ತಾರೆ. ಮತ್ತೆ ಹೊರಗೆ ತೆಗೆಯುವುದು ಅಕ್ಟೋಬರ್ ಕೊನೆಗೆ. ಒಳ್ಳೆಯ ಬಣ್ಣ ಇರುವುದೇ ಮಳೆಗಾಲದಲ್ಲಿ ಎಂದು ನಾನು ಹೇಳಿದಾಗ ಗೆಳೆಯರು ಯಾರೂ ಒಪ್ಪಲಿಲ್ಲ. "ಕಕ್ಕಡದಲ್ಲಿ ಸೂರ್ಯ ಎಲ್ಲಿ ಮಾರಾಯ?" ಎಂದರು. ಕಕ್ಕಡ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ನಮ್ಮ ಜೋರು ಮಳೆಯ ತಿಂಗಳು. ಕಳೆದ ಸೆಪ್ಟೆಂಬರ್‌ನ ಚಿತ್ರಗಳನ್ನು ನೋಡಿದ ಮೇಲೆ ಅವರೇ ಫೋನ್ ಮಾಡಿ "ಇವತ್ತು ಹೋಗಬಹುದಾ?" ಎಂದು ಕೇಳುತ್ತಾರೆ.

ಮಾಡಿದ್ದು ಇಷ್ಟೇ. ತಲೆ ಮೇಲಿನ ಆಕಾಶ ಬಿಟ್ಟು ಕಡಲ ಮೇಲಿನ ಆಕಾಶ ನೋಡಲು ಶುರು ಮಾಡಿದೆ. ಮುಳುಗುವ ಸೂರ್ಯನ ಬೆಳಕು ನಮ್ಮ ಮೋಡದ ಅಡಿಗೆ ತಾಗಬೇಕಾದರೆ ಪಡುವಣದಲ್ಲಿ ತುಂಬಾ ದೂರದವರೆಗೆ ದಾರಿ ತೆರವಾಗಿರಬೇಕು, ಅಲ್ವಾ? ಹವಾಮಾನ ಇಲಾಖೆಯ ಉಪಗ್ರಹ ಚಿತ್ರವನ್ನು ಮೂರೂವರೆಗೆ ಒಮ್ಮೆ, ಐದಕ್ಕೆ ಒಮ್ಮೆ ನೋಡುತ್ತೇನೆ. ಜೂನ್, ಜುಲೈಯಲ್ಲಿ ಮಡಿಕೇರಿಯಿಂದ ಸೂರ್ಯ ಇಳಿಯುವುದು ಮಂಗಳೂರಿನ ದಿಕ್ಕಿಗೆ. ಆಗಸ್ಟ್ ಕೊನೆಗೆ ಕಾಸರಗೋಡಿನ ಕಡೆ, ಡಿಸೆಂಬರ್‌ನಲ್ಲಿ ಪಯ್ಯನ್ನೂರಿನ ಕಡೆ. ಆ ನೇರಕ್ಕೆ ಕಡಲ ಮೇಲೆ ಮೋಡ ಬಿಟ್ಟಿದ್ದರೆ, ಇಲ್ಲಿ ಮಳೆ ಹೊಯ್ಯುತ್ತಿದ್ದರೂ ಹೊರಡುತ್ತೇನೆ. ಆದರೆ ಮೋಡ ಬೆಟ್ಟದ ತಲೆಯಿಂದ ಮೇಲೆ ಎದ್ದಿರಬೇಕು. ಕಕ್ಕಡದ ಮಂಜಿನಲ್ಲಿ ಅದು ಅಪರೂಪ. ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ, ಸೆಪ್ಟೆಂಬರ್ ಆರಂಭದಲ್ಲಿ, ವಾರಕ್ಕೊಂದು ಸಂಜೆಯಾದರೂ ಸಿಗುತ್ತದೆ. ಗಾಳಿ ನೋಡಿ ಹಿಡಿಯುವ ಇನ್ನೊಂದು ಗುರುತು ಇದೆ, ಅದು ನನ್ನ ಹತ್ತಿರವೇ ಇರಲಿ.

ಮಡಿಕೇರಿಯಲ್ಲಿ ಸೂರ್ಯಾಸ್ತ ನೋಡುವ ಜಾಗ ರಾಜಾಸೀಟ್‌ನಲ್ಲಿ ಸೂರ್ಯ ಮರೆಯಾದ ಕೂಡಲೇ ಜನ ಎದ್ದು ಹೋಗುತ್ತಾರೆ. ಬಣ್ಣ ಏರುವುದು ಆಮೇಲೆ, ಹತ್ತು ಹದಿನೈದು ನಿಮಿಷ. ಅಪರ್ಚರ್ (ಲೆನ್ಸಿನ ಕಂಡಿ) ಎಫ್ 8, ಬೆಳಕಿನ ಸೂಕ್ಷ್ಮತೆ ಐಎಸ್ಒ 100, ಕ್ಯಾಮೆರಾ ತಿದ್ದದ ರಾ ಫೈಲ್, ಹೈಲೈಟ್ (ತುಂಬಾ ಹೊಳೆಯುವ ಜಾಗ) ಉಳಿಯಲು ಒಂದು ಸ್ಟಾಪ್ ಕಡಿಮೆ, ಅಂದರೆ ಬೆಳಕು ಅರ್ಧ. ಶಟರ್ 1/60 ಸೆಕೆಂಡಿನಲ್ಲಿ ಶುರುವಾಗಿ ಕೊನೆಗೆ ಎರಡು ಮೂರು ಸೆಕೆಂಡಿಗೆ ಬರುತ್ತದೆ.

ದುಡ್ಡು ಹೋದದ್ದು ಗಾಜಿಗೆ. ಆಕಾಶದ ಬೆಳಕು ತಗ್ಗಿಸಲು ಮೇಲರ್ಧ ಕಪ್ಪಾಗಿರುವ ಗ್ರಾಜುಯೇಟೆಡ್ ಫಿಲ್ಟರ್ ಸೆಟ್‌ಗೆ ಆರೇಳು ಸಾವಿರ ಕೊಟ್ಟೆ. ಕಡಲ ತೀರದಲ್ಲಿ ಅದು ಸರಿ. ನಮ್ಮ ಬೆಟ್ಟದ ಸಾಲು ಗರಗಸದ ಹಾಗೆ ಇದೆ, ಫಿಲ್ಟರಿನ ಗೆರೆ ಬೆಟ್ಟದ ತುದಿಯನ್ನೂ ಕಪ್ಪಾಗಿಸುತ್ತದೆ. ಅದರ ಮೇಲೆ ಮಂಜಿನ ಹನಿ ಬೇರೆ. ಅರ್ಧ ಬೆಲೆಗೆ ಮಾರಿದೆ. ಈಗ ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಫ್ರೇಮ್ ತೆಗೆದು ಮನೆಯಲ್ಲಿ ಕೂಡಿಸುತ್ತೇನೆ. ವೈಡ್ ಲೆನ್ಸ್ ಕೂಡ ಇಲ್ಲಿ ಅಷ್ಟಕ್ಕಷ್ಟೆ. ಆಕಾಶ ದೊಡ್ಡದಾಗಿ ಬೆಟ್ಟ ಸಣ್ಣದಾಗಿಬಿಡುತ್ತದೆ. ದೂರದ್ದನ್ನು ಹತ್ತಿರ ತರುವ 70-200 ಎಂಎಂ ಜೂಮ್ ಲೆನ್ಸಿನಲ್ಲಿ ಬೆಟ್ಟದ ಹಿಂದೆ ಬೆಟ್ಟ, ನಡುವೆ ಮಂಜು, ಎಲ್ಲ ಒತ್ತಿಕೊಂಡು ಬರುತ್ತವೆ.

ದೊಡ್ಡ ಶತ್ರು ಲೆನ್ಸಿನೊಳಗೆ ಬೆಳೆಯುವ ಫಂಗಸ್ (ಬೂಷ್ಟು). ಒಂದು ಲೆನ್ಸ್ ಕ್ಲೀನ್ ಮಾಡಿಸಲು ಬೆಂಗಳೂರಿಗೆ ಕಳಿಸಿದೆ, ನಾಲ್ಕು ಸಾವಿರದ ಹತ್ತಿರ ಆಯಿತು. ಮುಂದಿನ ಮಳೆಗೆ ಅದೇ ಮೂಲೆಯಲ್ಲಿ ಮತ್ತೆ ಬಂತು. ಕಪಾಟಿನಲ್ಲಿ 15 ವ್ಯಾಟ್ ಬಲ್ಬ್ ಉರಿಸಿಟ್ಟೆ. ಕೆಲಸ ಮಾಡಿತು, ಆದರೆ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರಲ್ಲ. ಈಗ ರಬ್ಬರ್ ಅಂಚಿನ ಗಟ್ಟಿ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು, ಒಂದು ಸಣ್ಣ ತೇವಾಂಶ ಮೀಟರ್. ಒಟ್ಟು ಸಾವಿರದೈನೂರು ಆಗಿರಬಹುದು. ಮೀಟರಿನ ಮುಳ್ಳು ಶೇ. 45ರ ಆಸುಪಾಸು ಇರಬೇಕು. ಆ ನೀಲಿ ಹರಳು ತೇವ ತುಂಬಿ ಗುಲಾಬಿಗೆ ತಿರುಗಿದರೆ ಹಳೆಯ ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡುತ್ತೇನೆ. ಆ ಕಾವಲಿಯನ್ನು ಅಡುಗೆಗೆ ಬಳಸಬೇಡಿ.

ನಡುವೆ ಇನ್ನೊಂದು ನೋಡಿದೆ. ಪಡುವಣಕ್ಕೆ ಬೆನ್ನು ಹಾಕಿ ತೋಟದ ಕಡೆ ತಿರುಗಿದರೆ, ಒದ್ದೆಯಾದ ಸಿಲ್ವರ್ ಓಕ್ ಕಾಂಡಗಳ ಮೇಲೆ ಆಕಾಶದ ಕೆಂಪು ಬೀಳುತ್ತದೆ. ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಿದರೆ ಒದ್ದೆ ಕಾಂಡದ ಮೇಲಿನ ಆ ಹೊಳಪೇ ಹೋಗುತ್ತದೆ, ತೆಗೆದಿಡಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಆಟೋಗೆ ಬಿಟ್ಟರೆ ಕೆಂಪು ಸಪ್ಪೆ. ನಾನು ಇಡುವ ಸಂಖ್ಯೆ ಹೇಳಲ್ಲ, ಕ್ಯಾಮೆರಾದ ಕ್ಲೌಡಿ ಸೆಟ್ಟಿಂಗಿನಿಂದ ಶುರು ಮಾಡಿ.

ಆ ಸೆಪ್ಟೆಂಬರ್‌ನ ಒಂದು ಚಿತ್ರವನ್ನು ಹೋಂಸ್ಟೇ ಮಾಡುವವರೊಬ್ಬರು ಗೋಡೆಗೆ ಹಾಕಲು ತೆಗೆದುಕೊಂಡರು. ಸುಮಾರು ಎಂಟು ಸಾವಿರ ಬಂತು. ಪ್ರಿಂಟ್ ಮಾತ್ರ ಮ್ಯಾಟ್ ಕಾಗದದಲ್ಲೇ ಮಾಡಿಸಿ. ಗ್ಲಾಸಿ ಆದರೆ ನಮ್ಮ ತೇವಕ್ಕೆ ಫ್ರೇಮಿನ ಗಾಜಿಗೆ ಅಂಟಿಕೊಳ್ಳುತ್ತದೆ.