ಹಳೆ ಕಂಪ್ಯೂಟರಿಗೆ ಎಸ್‌ಎಸ್‌ಡಿ ಕಾರ್ಡ್: ಕರಾವಳಿಯವರು ಹಾಕಿಕೊಳ್ಳುವ ಕ್ರಮ

ಕಂಪ್ಯೂಟರ್ ಆನ್ ಮಾಡಿ ಐದು ನಿಮಿಷ ಕಳೆದರೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆ 100% ಎಂದೇ ತೋರಿಸುತ್ತಿದ್ದರೆ, ಹೊಸ ಯಂತ್ರಕ್ಕೆ ದುಡ್ಡು ಹೊಂದಿಸುವ ಮೊದಲು ಹಾರ್ಡ್ ಡಿಸ್ಕ್ ಬದಲಿಸಿ. ತಿರುಗುವ ಡಿಸ್ಕ್ ಅಲ್ಲಲ್ಲಿ ಚದುರಿದ ಸಣ್ಣ ಫೈಲುಗಳನ್ನು ಸೆಕೆಂಡಿಗೆ ನೂರು ಇನ್ನೂರು ಬಾರಿ ಹುಡುಕುವಷ್ಟರಲ್ಲೇ ಸುಸ್ತಾಗುತ್ತದೆ. ತಿರುಗುವ ಭಾಗವಿಲ್ಲದೆ ಚಿಪ್ಪುಗಳಲ್ಲೇ ಡೇಟಾ ಇಡುವ ಎಸ್‌ಎಸ್‌ಡಿ ಅದೇ ಕೆಲಸವನ್ನು ಸಾವಿರಗಟ್ಟಲೆ ಬಾರಿ ಮಾಡುತ್ತದೆ. ವಿಂಡೋಸ್ ಬೇಗ ತೆರೆಯುವುದು ಇದರಿಂದಲೇ. ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ವೇಗಕ್ಕೆ ಇದರಲ್ಲಿ ದೊಡ್ಡ ಪಾತ್ರವಿಲ್ಲ.

ಮೊದಲು ನೋಡಬೇಕಾದ್ದು ನಿಮ್ಮ ಮದರ್‌ಬೋರ್ಡಿನಲ್ಲಿ ಯಾವ ಜಾಗವಿದೆ ಎಂಬುದನ್ನು. ಬರೀ ಸಾಟಾ (ಹಾರ್ಡ್ ಡಿಸ್ಕಿನ ಕೇಬಲ್ ಸಿಕ್ಕಿಸುವ ಪೋರ್ಟ್) ಇದ್ದರೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸಾಕು. ಸೆಕೆಂಡಿಗೆ ಸುಮಾರು 550 ಎಂಬಿ ಸಿಗುತ್ತದೆ. ಎಂ.2 ಸ್ಲಾಟ್ (ಕಾರ್ಡನ್ನು ನೇರವಾಗಿ ಬೋರ್ಡಿಗೇ ಕೂರಿಸುವ ಸಣ್ಣ ಸೀಳು) ಇದ್ದರೆ 22 ಮಿಮೀ ಅಗಲ, 80 ಮಿಮೀ ಉದ್ದದ ಕಾರ್ಡ್ ಸಾಮಾನ್ಯ. ಇಲ್ಲಿಯೇ ತುಂಬ ಜನ ಎಡವುತ್ತಾರೆ: ಎಂ.2 ಎನ್ನುವುದು ಆಕಾರವಷ್ಟೇ, ಒಳಗಿರುವುದು ಸಾಟಾ ಆಗಿರಬಹುದು, ಅದಕ್ಕಿಂತ ವೇಗದ ಎನ್‌ವಿಎಂಇ ಆಗಿರಬಹುದು. ಚಿನ್ನದ ಬಣ್ಣದ ಅಂಚಿನಲ್ಲಿ ಎರಡು ಕಚ್ಚುಗಳಿದ್ದರೆ ಹೆಚ್ಚಾಗಿ ಸಾಟಾ, ಒಂದೇ ಇದ್ದರೆ ಹೆಚ್ಚಾಗಿ ಎನ್‌ವಿಎಂಇ. ಆದರೂ ಕಚ್ಚನ್ನೇ ನಂಬದೆ ಬೋರ್ಡಿನ ಕೈಪಿಡಿ ನೋಡಿಯೇ ಕೊಳ್ಳಿ. ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದೊಡನೆ ಒಂದೆರಡು ಸಾಟಾ ಪೋರ್ಟುಗಳು ಕೆಲಸ ನಿಲ್ಲಿಸುತ್ತವೆ. ಅದೂ ಕೈಪಿಡಿಯಲ್ಲೇ ಇರುತ್ತದೆ.

ಎಂ.2 ಸ್ಲಾಟ್ ಇಲ್ಲದ ಡೆಸ್ಕ್‌ಟಾಪಿಗೆ ಪಿಸಿಐಇ (ಗ್ರಾಫಿಕ್ಸ್ ಕಾರ್ಡ್ ಹಾಕುವ ಬಗೆಯ ಸ್ಲಾಟ್) ಅಡಾಪ್ಟರ್ ಕಾರ್ಡ್ ಸಿಗುತ್ತದೆ. ಅದನ್ನು ನಾಲ್ಕು ಲೇನ್ (ಡೇಟಾ ಹರಿಯುವ ದಾರಿ) ಅಥವಾ ಹದಿನಾರು ಲೇನ್‌ನ ಸ್ಲಾಟಿಗೇ ಹಾಕಿ. ಒಂದೇ ಲೇನ್ ಆದರೆ ಪಿಸಿಐಇ 3.0ರಲ್ಲೂ ಸೆಕೆಂಡಿಗೆ 1000 ಎಂಬಿ ದಾಟದು. ಇಂಥ ಸಾದಾ ಅಡಾಪ್ಟರಿನಲ್ಲಿ ಎಂ.2 ಸಾಟಾ ಕಾರ್ಡ್ ಕೆಲಸವೇ ಮಾಡುವುದಿಲ್ಲ. ಇನ್ನು, 2014ಕ್ಕಿಂತ ಹಿಂದಿನ ಹೆಚ್ಚಿನ ಬೋರ್ಡುಗಳು ಎನ್‌ವಿಎಂಇಯಿಂದ ಬೂಟ್ ಆಗುವುದಿಲ್ಲ. ಡಿಸ್ಕ್ ಕಾಣಿಸಿದರೂ ವಿಂಡೋಸ್ ಅದರಿಂದ ಏಳದು. ಅಂಥ ಯಂತ್ರಕ್ಕೆ ಸಾಟಾ ಎಸ್‌ಎಸ್‌ಡಿಯೇ ಸರಿ. ಸೆಕೆಂಡಿಗೆ 7000 ಎಂಬಿಯ ಕಾರ್ಡ್ ಹಾಕಿದರೂ ಟ್ಯಾಲಿ, ಬ್ರೌಸರ್ ಕೆಲಸದಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಉಳಿದ ದುಡ್ಡಿನಲ್ಲಿ ರ್‍ಯಾಮ್ 4 ಜಿಬಿಯಿಂದ 8ಕ್ಕೆ ಏರಿಸಿ.

ಮಂಗಳೂರು, ಉಡುಪಿಯಲ್ಲಿ ಈ ಕೆಲಸಕ್ಕೆ ದಿನ ನೋಡಬೇಕು. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರಿನ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಸಾಮಾನ್ಯ, ಕರೆಂಟ್ ಹೋಗುವುದೂ ಸಾಮಾನ್ಯ. ಕ್ಲೋನ್ ಮಾಡುವಾಗ, ಅಂದರೆ ಹಳೆ ಡಿಸ್ಕನ್ನು ಇದ್ದಂತೆಯೇ ಹೊಸದಕ್ಕೆ ನಕಲಿಸುವಾಗ, ನಡುವೆ ಕರೆಂಟ್ ಹೋದರೆ ಹೊಸ ಡಿಸ್ಕಿನ ನಕಲು ಅರ್ಧಕ್ಕೇ ನಿಲ್ಲುತ್ತದೆ. ಬೆಳಿಗ್ಗೆಯೇ ಶುರು ಮಾಡಿ, ಯುಪಿಎಸ್ ಇರಲಿ; ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ. ಸಿಡಿಲಿನ ಸೂಚನೆ ಕಂಡರೆ ಪ್ಲಗ್ಗಿನ ಜೊತೆ ಲ್ಯಾನ್ ಕೇಬಲನ್ನೂ ಕೀಳಿ.

ಮಳೆಗಾಲದ ತೇವ ಮತ್ತು ಉಪ್ಪುಗಾಳಿಯಿಂದ ಹಳೆ ಕನೆಕ್ಟರುಗಳ ಮೇಲೆ ಮಾಸಲು ಪದರ ಕಟ್ಟುತ್ತದೆ. ಹೊಸ ಎಸ್‌ಎಸ್‌ಡಿ ಒಮ್ಮೆ ಕಾಣಿಸಿ ಒಮ್ಮೆ ಮಾಯವಾದರೆ ಡಿಸ್ಕನ್ನು ಅಂಗಡಿಗೆ ವಾಪಸ್ ಒಯ್ಯುವ ಮುಂಚೆ ಸಾಟಾ ಕೇಬಲ್ ಬದಲಿಸಿ ನೋಡಿ. ರ್‍ಯಾಮ್ ಕಾರ್ಡುಗಳ ಅಂಚನ್ನು 99% ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಕೂರಿಸಿ.

ಕಾರ್ಡ್ ಹಾಕುವುದು ಹತ್ತು ನಿಮಿಷದ ಕೆಲಸ. ಪವರ್ ತೆಗೆದು ಆನ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಕನೆಕ್ಟರನ್ನೂ ಬಿಡಿಸಿ. ಕಬ್ಬಿಣದ ಚೌಕಟ್ಟು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಕಳೆದುಕೊಳ್ಳಿ. ಎಂ.2 ಕಾರ್ಡನ್ನು ಸುಮಾರು 30 ಡಿಗ್ರಿ ಓರೆಯಾಗಿ ತಳ್ಳಿದಾಗ ಚಿನ್ನದ ಗೆರೆಗಳು ಕೂದಲೆಳೆಯಷ್ಟೇ ಹೊರಗೆ ಕಾಣಬೇಕು. ಹೆಚ್ಚು ಕಂಡರೆ ಕೂತಿಲ್ಲವೆಂದೇ ಅರ್ಥ. ಆಮೇಲೆ ತುದಿ ಕೆಳಗೊತ್ತಿ ಸ್ಕ್ರೂ ಹಾಕಿ. ಅದು ತೀರಾ ಪುಟ್ಟದು, ಬಿಗಿಯಾಯಿತೆಂದು ಗೊತ್ತಾದೊಡನೆ ನಿಲ್ಲಿಸಿ. ಹೀಟ್‌ಸಿಂಕ್ ಪ್ಯಾಡಿನ ಪ್ಲಾಸ್ಟಿಕ್ ಪೊರೆ ಸುಲಿಯಲು ಮರೆಯಬೇಡಿ. ಬಿಟ್ಟರೆ ಶಾಖ ಹೋಗುವುದಿಲ್ಲ, ಬಿಸಿಯಾದ ಕಾರ್ಡ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ.

ಕ್ಲೋನ್ ಮಾಡುವ ಮೊದಲು ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆಫ್ ಮಾಡಿ, ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ಮುಖ್ಯ ಕಡತಗಳ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ನಕಲಿಸುವ ತಂತ್ರಾಂಶ ಕ್ಲೋನ್‌ಜಿಲ್ಲಾ ಉಚಿತವಾಗಿ ಸಿಗುತ್ತದೆ. ಮೂಲ ಯಾವುದು, ಗುರಿ ಯಾವುದು ಎಂದು ಗಾತ್ರ ನೋಡಿ ಎರಡು ಬಾರಿ ಖಚಿತಪಡಿಸಿಕೊಳ್ಳಿ, ಅದಲುಬದಲಾದರೆ ಇದ್ದದ್ದೂ ಅಳಿಯುತ್ತದೆ. ನಕಲಾದ ಮೇಲೆ ಹಳೆ ಡಿಸ್ಕ್ ಬಿಡಿಸಿಟ್ಟೇ ಮೊದಲ ಬೂಟ್ ಮಾಡಿ. ಸಾಟಾದಿಂದ ಎನ್‌ವಿಎಂಇಗೆ ಬಂದಾಗ ನೀಲಿ ಪರದೆಯಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಬಂದರೆ ಒಮ್ಮೆ ಸೇಫ್ ಮೋಡಿನಲ್ಲಿ (ಅಗತ್ಯ ಡ್ರೈವರುಗಳಷ್ಟೇ ಇರುವ ವಿಂಡೋಸ್) ತೆರೆಯಿರಿ, ಹೆಚ್ಚಾಗಿ ಅಲ್ಲಿಗೆ ಸರಿಹೋಗುತ್ತದೆ. ವಿಂಡೋಸ್ ಹೊಸದಾಗಿ ಹಾಕುವುದಾದರೆ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು. ಇಂಟೆಲ್ 11ನೇ ತಲೆಮಾರು ಮತ್ತು ನಂತರದ ಕೆಲವು ಲ್ಯಾಪ್‌ಟಾಪುಗಳಲ್ಲಿ ಇನ್‌ಸ್ಟಾಲರಿಗೆ ಡಿಸ್ಕೇ ಕಾಣುವುದಿಲ್ಲ. ತಯಾರಕರ ತಾಣದಿಂದ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ ಅದೇ ಪೆನ್‌ಡ್ರೈವಿನಲ್ಲಿಟ್ಟು ‘ಲೋಡ್ ಡ್ರೈವರ್’ ಒತ್ತಿದರೆ ಬರುತ್ತದೆ.

ಯಕ್ಷಗಾನದ ಆಟ ಚಿತ್ರೀಕರಿಸುವವರಿಗೆ ಒಂದು ಮಾತು. 25 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 25 ಮೆಗಾಬಿಟ್) ಗಂಟೆಗೆ ಸುಮಾರು 11 ಜಿಬಿ, ಆರು ಗಂಟೆಯ ಆಟಕ್ಕೆ 67 ಜಿಬಿ ಬೇಕು. ಅಗ್ಗದ ಕ್ಯೂಎಲ್‌ಸಿ (ಒಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ) ಕಾರ್ಡಿನಲ್ಲಿ ಮೊದಲ ಒಂದಷ್ಟು ಜಿಬಿ ಸರಸರ ಹೋಗಿ, ಕ್ಯಾಶ್ (ವೇಗದ ತಾತ್ಕಾಲಿಕ ಜಾಗ) ತುಂಬಿದ ಮೇಲೆ ವೇಗ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಕುಸಿಯುತ್ತದೆ; ಡಿಸ್ಕ್ ತುಂಬುತ್ತಾ ಬಂದಷ್ಟೂ ಆ ಕ್ಯಾಶ್ ಕಿರಿದಾಗುತ್ತದೆ. ಟಿಎಲ್‌ಸಿ (ಕೋಶಕ್ಕೆ ಮೂರು ಬಿಟ್) ಕಾರ್ಡನ್ನೇ ಕೊಳ್ಳಿ, 15% ಜಾಗ ಖಾಲಿ ಬಿಡಿ. ಎಡಿಟ್ ಮಾಡುತ್ತಿರುವುದು ಮಾತ್ರ ಎಸ್‌ಎಸ್‌ಡಿಯಲ್ಲಿರಲಿ, ಮುಗಿದದ್ದು ಹಾರ್ಡ್ ಡಿಸ್ಕಿಗೆ ಹೋಗಲಿ. ಎಸ್‌ಎಸ್‌ಡಿ ಮುನ್ಸೂಚನೆಯಿಲ್ಲದೆ ಸಾಯಬಲ್ಲದು, ಅಳಿಸಿದ ಫೈಲು ಟ್ರಿಮ್ (ಅದರ ಜಾಗ ಪೂರ್ತಿ ತೆರವು) ಆದ ಮೇಲೆ ಮರಳುವುದಿಲ್ಲ. ಕರೆಂಟಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೂ ಡೇಟಾ ಸವೆಯಬಹುದು. ಬಿಡಿಸಿದ ಹಳೆ ಹಾರ್ಡ್ ಡಿಸ್ಕ್ ಸರಿಯಿದ್ದರೆ ಯುಎಸ್‌ಬಿ ಕೇಸಿನಲ್ಲಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಬ್ಯಾಕಪ್ಪಿಗೆ ಬಳಸಿ. ಜೆಲ್ಲನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಿ.