ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ ಯಾವುದಕ್ಕೆ ಚೌಕಾಸಿ ಮಾಡಬೇಕು, ಯಾವುದಕ್ಕೆ ಬೇಡ

'ಸ್ಟ್ಯಾಂಪ್ ಡ್ಯೂಟಿಯನ್ನು ಮಾರುವವರೇ ಕಟ್ಟಲಿ ಅಂತ ಕೇಳಬಹುದಾ?' ಇಲ್ಲಿ ಮನೆ ಹುಡುಕಲು ಶುರು ಮಾಡಿದ ನಮ್ಮವರ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ಕೇಳೋದಕ್ಕೇನು, ಕೇಳಬಹುದು. ಆದರೆ ಕಾನೂನಿನ ಪ್ರಕಾರ ಅದು ಕೊಳ್ಳುವವರ ಹೊರೆ. ಹಳೆ ಮನೆ ಮಾರುವವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೊಸ ಮನೆ ಕಟ್ಟಿ ಮಾರುವ ಬಿಲ್ಡರ್‌ಗಳು ಕೆಲವೊಮ್ಮೆ 'ಅದು ನಮ್ಮ ಲೆಕ್ಕ' ಅನ್ನುತ್ತಾರೆ. ಆಗಲೂ ಸಾಲ ಕೊಡುವ ಬ್ಯಾಂಕಿಗೆ ವಿಷಯ ತಿಳಿಸಲೇಬೇಕು. ನನ್ನನ್ನು ಕೇಳಿದರೆ, ಆ ದುಡ್ಡನ್ನು ಬೆಲೆಯಲ್ಲೇ ಇಳಿಸಿಕೊಳ್ಳುವುದು ವಾಸಿ. ಬೆಲೆ ಇಳಿದರೆ ತೆರಿಗೆಯೂ ಇಳಿಯುತ್ತದೆ.

ಆದರೆ ಆಫರ್ ಕೊಡುವ, ಅಂದರೆ 'ಇಷ್ಟಕ್ಕೆ ಕೊಳ್ಳುತ್ತೇನೆ' ಅನ್ನುವ ಮೊದಲು ನಿಮ್ಮ ತೆರಿಗೆ ಎಷ್ಟು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ. ನಮ್ಮವರು ಎಡವುವುದು ಇಲ್ಲೇ. 2025ರ ಏಪ್ರಿಲ್‌ನಿಂದ 1,25,000 ಪೌಂಡ್‌ವರೆಗೆ ತೆರಿಗೆ ಇಲ್ಲ, ಅಲ್ಲಿಂದ 2,50,000ದವರೆಗೆ ಶೇ. 2, ಅದರ ಮೇಲೆ 9,25,000ದವರೆಗೆ ಶೇ. 5. ಮೊದಲ ಮನೆ ಕೊಳ್ಳುವವರಿಗೆ 3,00,000ದವರೆಗೆ ಏನೂ ಇಲ್ಲ, ಅಲ್ಲಿಂದ 5,00,000ದವರೆಗೆ ಶೇ. 5. ಈಗ 4,00,000 ಪೌಂಡಿನ ಮನೆ ಅಂದುಕೊಳ್ಳಿ. ಮೊದಲ ಮನೆಯವರಿಗೆ ತೆರಿಗೆ 5,000 ಪೌಂಡ್, ಉಳಿದವರಿಗೆ 10,000. ಬೆಂಗಳೂರಿನಲ್ಲಿ ಒಂದು ಫ್ಲಾಟ್ ಇಟ್ಟುಕೊಂಡವರಿಗೆ? 30,000!

ಯಾಕೆಂದರೆ 'ಮೊದಲ ಮನೆ' ಅಂದರೆ ಇಂಗ್ಲೆಂಡಿನಲ್ಲಿ ಮೊದಲನೆಯದು ಅಂತ ಅಲ್ಲ, ಪ್ರಪಂಚದಲ್ಲೇ ಮೊದಲನೆಯದು. ಅಪ್ಪನಿಂದ ಬಂದ ಊರಿನ ಮನೆಯ ಪಾಲು ಕೂಡ ಆ ರಿಯಾಯಿತಿಯನ್ನು ತಪ್ಪಿಸುತ್ತದೆ. ಇನ್ನು ಬೇರೆಲ್ಲೇ ಆಗಲಿ, 40,000 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಬೆಲೆಬಾಳುವ ಮನೆ ನಿಮ್ಮದಾಗಿದ್ದರೆ, ಪೂರ್ತಿ ಬೆಲೆಯ ಮೇಲೆ ಇನ್ನೂ ಶೇ. 5 ಸೇರುತ್ತದೆ. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರ ಹೆಸರಿನಲ್ಲಿದ್ದರೂ ಸಾಕು. ಒಂದು ಸಮಾಧಾನ ಇದೆ: ಆ ಮನೆ ಇತ್ತೀಚಿನವರೆಗೂ ನೀವು ವಾಸವಿದ್ದ ಮನೆಯೇ ಆಗಿದ್ದು, ಹೊಸದು ಕೊಂಡ ಮೂರು ವರ್ಷದೊಳಗೆ ಅದನ್ನು ಮಾರಿದರೆ ಹೆಚ್ಚುವರಿ ತೆರಿಗೆ ವಾಪಸ್ ಕೇಳಬಹುದು. ಬಾಡಿಗೆಗೆ ಕೊಡಲೆಂದೇ ಕೊಂಡ ಫ್ಲಾಟ್‌ಗೆ ಈ ದಾರಿ ಇಲ್ಲ. ಈ ಸಂಗತಿಗಳನ್ನು ನಿಮ್ಮ ಸಾಲಿಸಿಟರ್‌ಗೆ (ಮನೆ ಕೊಳ್ಳುವ ಕಾನೂನು ಕೆಲಸ ನೋಡುವ ವಕೀಲರಿಗೆ) ಮೊದಲ ದಿನವೇ ಹೇಳಿ, ಮುಚ್ಚಿಡಬೇಡಿ.

ಚೌಕಾಸಿಗೆ ನಿಜವಾದ ಬಲ ಬರುವುದು 5,00,000ದ ಗೆರೆಯ ಹತ್ತಿರ. ಬೆಲೆ ಅದನ್ನು ದಾಟಿತೋ, ಮೊದಲ ಮನೆಯ ರಿಯಾಯಿತಿ ಪೂರ್ತಿ ಹೋಗುತ್ತದೆ. 5,00,000ಕ್ಕೆ ತೆರಿಗೆ 10,000. 5,05,000ಕ್ಕೆ 15,250. ಅಂದರೆ ಮಾರುವವರು 5,000 ಬಿಟ್ಟುಕೊಟ್ಟರೆ ನಿಮಗೆ ಉಳಿಯುವುದು 10,250. ಎಸ್ಟೇಟ್ ಏಜೆಂಟರಿಗೆ ಈ ಲೆಕ್ಕ ಚೆನ್ನಾಗಿಯೇ ಗೊತ್ತಿರುತ್ತದೆ, ನಾಚಿಕೊಳ್ಳದೆ ಹೇಳಿ. ಆದರೆ ಏಜೆಂಟರು ಕೆಲಸ ಮಾಡುವುದು ಮಾರುವವರ ಪರವಾಗಿ. ನಿಮ್ಮ ಕೈಯಲ್ಲಿ ಒಟ್ಟು ಎಷ್ಟಿದೆ ಅಂತ ಅವರ ಮುಂದೆ ಬಾಯಿ ಬಿಡಬೇಡಿ.

ಪರದೆ, ಕಾರ್ಪೆಟ್, ಸೋಫಾ ಇಂಥವನ್ನು ಬೇರೆಯಾಗಿ ಕೊಂಡರೆ ಆ ಹಣಕ್ಕೆ ಸ್ಟ್ಯಾಂಪ್ ಡ್ಯೂಟಿ ಇಲ್ಲ, ಬೆಲೆ ಮಾತ್ರ ನ್ಯಾಯವಾಗಿರಬೇಕು. ಹಳೆ ಸೋಫಾಗೆ 8,000 ಪೌಂಡ್ ಅಂತ ಬರೆದರೆ ತೆರಿಗೆ ಇಲಾಖೆ ನಂಬುತ್ತದಾ? ಗೋಡೆಗೆ ಕೂರಿಸಿದ ಅಡುಗೆಮನೆ ಕಪಾಟುಗಳು ಮನೆಯ ಬೆಲೆಯಲ್ಲೇ ಸೇರುತ್ತವೆ. 'ಸ್ವಲ್ಪ ವೈಟ್, ಸ್ವಲ್ಪ ಬ್ಲ್ಯಾಕ್' ಅನ್ನುವ ಮಾತನ್ನಂತೂ ಎತ್ತಲೇಬೇಡಿ.

ಇನ್ನು ಡೆಪಾಸಿಟ್. ನಮ್ಮಲ್ಲಿ ಮಾತು ಮುಗಿದ ಕೂಡಲೇ ಟೋಕನ್ ಅಡ್ವಾನ್ಸ್ ಕೊಡುತ್ತೇವಲ್ವಾ, ಇಲ್ಲಿ ಹಳೆ ಮನೆಗೆ ಆ ರೂಢಿ ಇಲ್ಲ. ಆಫರ್ ಒಪ್ಪಿದ ಮೇಲೂ, ಕರಾರುಪತ್ರ ಎಕ್ಸ್‌ಚೇಂಜ್ ಆಗುವವರೆಗೆ, ಅಂದರೆ ಸಹಿ ಹಾಕಿದ ಕರಾರನ್ನು ಎರಡೂ ಕಡೆಯವರು ಬದಲಾಯಿಸಿಕೊಂಡು ಅದಕ್ಕೆ ಬದ್ಧರಾಗುವವರೆಗೆ, ಯಾರು ಬೇಕಾದರೂ ಹಿಂದೆ ಸರಿಯಬಹುದು. ಎಕ್ಸ್‌ಚೇಂಜ್ ದಿನ ಬೆಲೆಯ ಶೇ. 10 ಕಟ್ಟುವುದು ವಾಡಿಕೆ. ನಿಮ್ಮದು ಶೇ. 95 ಸಾಲವಾದರೆ ಕೈಯಲ್ಲಿರುವುದೇ ಶೇ. 5. ಆಗ 'ಶೇ. 5ಕ್ಕೆ ಒಪ್ಪುತ್ತಾರಾ' ಅಂತ ನಿಮ್ಮ ಸಾಲಿಸಿಟರ್ ಮೂಲಕ ಮೊದಲೇ ಕೇಳಿಸಿ. ಬದಲಿಗೆ ಮಾರುವವರಿಗೆ ಅನುಕೂಲವಾದ ದಿನ ಮನೆ ಹಸ್ತಾಂತರಕ್ಕೆ ಒಪ್ಪಿಕೊಳ್ಳಿ, ಮಾತು ಸಲೀಸಾಗುತ್ತದೆ. ಒಂದು ಎಚ್ಚರ: ಶೇ. 5 ಮಾತ್ರ ಕಟ್ಟಿ ಆಮೇಲೆ ನೀವು ತಪ್ಪಿಸಿಕೊಂಡರೆ ಉಳಿದ ಶೇ. 5 ಕೂಡ ಕೇಳುವ ಷರತ್ತು ಕರಾರಿನಲ್ಲಿ ಇರಬಹುದು. ಸಹಿ ಹಾಕುವ ಮೊದಲು ಅದನ್ನು ಓದಿಸಿಕೊಳ್ಳಿ.

ಬೆಲೆ ಇಳಿಸಲು ಕೇಳುವ ಸಮಯವೂ ಮುಖ್ಯ. ಸರ್ವೆಯಲ್ಲಿ, ಅಂದರೆ ತಜ್ಞರು ಮಾಡುವ ಮನೆಯ ತಪಾಸಣೆಯಲ್ಲಿ, ಚಾವಣಿ ಸೋರಿಕೆಯೋ ತೇವವೋ ಕಂಡರೆ ವರದಿ ಕೈಗೆ ಬಂದ ತಕ್ಷಣ ಕೇಳಿ. ಎಕ್ಸ್‌ಚೇಂಜ್ ಹಿಂದಿನ ದಿನ ಸುಮ್ನೆ 10,000 ಕಡಿಮೆ ಮಾಡಿ ಅನ್ನುವುದು ಕಾನೂನಿಗೆ ತಪ್ಪಲ್ಲ, ಆದರೆ ಈ ಹಣ ನಂಬಿಕೊಂಡು ಮಾರುವವರು ಕೊಳ್ಳಬೇಕಿದ್ದ ಮನೆಯೂ ಅದರ ಜೊತೆ ಕೈತಪ್ಪಬಹುದು. ಸಿಟ್ಟಿಗೆದ್ದು ನಿಮ್ಮನ್ನೇ ಬಿಟ್ಟುಬಿಡುತ್ತಾರೆ.

ಕಂಪ್ಲೀಷನ್ (ಪೂರ್ತಿ ಹಣ ಕೊಟ್ಟು ಮನೆ ಹಸ್ತಾಂತರವಾಗುವುದು) ಆದ 14 ದಿನದೊಳಗೆ ತೆರಿಗೆ ಕಟ್ಟಬೇಕು. ಸಾಲಿಸಿಟರ್ ಆ ಹಣವನ್ನು ಮೊದಲೇ ಕೇಳುತ್ತಾರೆ, ಎಲ್ಲಿಂದ ಬಂತು ಅನ್ನುವ ದಾಖಲೆಯನ್ನೂ ಕೇಳುತ್ತಾರೆ. ಊರಿನಿಂದ ಅಪ್ಪ ಅಮ್ಮ ಕಳಿಸುವುದಾದರೆ ಅವರ ಬ್ಯಾಂಕ್ ಸ್ಟೇಟ್‌ಮೆಂಟ್, ಉಡುಗೊರೆ ಪತ್ರ ಎಲ್ಲ ಈಗಲೇ ತರಿಸಿಡಿ.